ಇದ್ದಂಗ ಇರ್ರಿ

ನಾರಾಯಣಗೂಡದ ನಮ್ಮ ಮನೆಯಲ್ಲಿ ಬೆಳಕು ಸರಿಯಾಗಿ ಬೀಳುತ್ತಿದ್ದದ್ದು ಅಡುಗೆಮನೆಗೊಂದೇ. ಪಡಸಾಲೆಗೆ ಎದುರುಮನೆಯ ಗೋಡೆ ಅಡ್ಡ. ನಡುಮನೆಗೆ ಕಿಟಕಿಯೇ ಇಲ್ಲ. ಹಗಲಲ್ಲೂ ಅಲ್ಲಿ ದೀಪ ಹಾಕಿಕೊಂಡೇ ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಅಡುಗೆಮನೆಗೆ ಮಾತ್ರ ಮೂಡಣಕ್ಕೊಂದು ದೊಡ್ಡ ಕಿಟಕಿ, ಅದರ ಮೇಲೊಂದು ಬೆಳಕಿಂಡಿ. ಬೆಳಿಗ್ಗೆ ಹತ್ತರವರೆಗೂ ಬಿಸಿಲು ಇದ್ದಿಲಿನ ಸಿಗಡಿಯ ಮೇಲೆ, ರೊಟ್ಟಿ ಬಡಿಯುವ ಹಲಗೆಯ ಮೇಲೆ, ಅವ್ವನ ಬಲಗೈಯ ಮೇಲೆ ಬೀಳುತ್ತಿತ್ತು. ಅವ್ವ ದಿನಕ್ಕೆ ಇಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಬೆಳಕಿನ ದೆಸೆಯಿಂದಲೇ ನಮ್ಮ ಮನೆ ಒಂದು ಸಿನಿಮಾದೊಳಗೆ ಬಂತು. ಆ ಸಿನಿಮಾ ಈಗ ಎಲ್ಲೂ ಸಿಗುವುದಿಲ್ಲ. ಎರಡು ಸಲ ತೋರಿಸಿದರೆಂದು ಕೇಳಿದ್ದೇನೆ, ನಾನು ನೋಡಿದ್ದು ಒಂದು ಸಲ. ಸಿಕ್ಕರೂ ಮತ್ತೆ ನೋಡುತ್ತೇನೆಂಬ ಭರವಸೆ ನನಗಿಲ್ಲ.

ಸಿನಿಮಾದ ಮಾತಿಗಿಂತ ಮೊದಲು ತಾರಿನ, ಅಂದರೆ ಟೆಲಿಗ್ರಾಮಿನ, ಮಾತು ಹೇಳಬೇಕು. ನನಗಾಗ ಹತ್ತು ವರ್ಷ. ಅಪ್ಪನ ಕೊನೆಯ ತಂಗಿ ಸುಮತಿ ಅತ್ತಿಯ ಲಗ್ನಕ್ಕೆ ಇನ್ನು ಎರಡು ದಿನ ಇತ್ತು. ಅಜ್ಜ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಧಾರೆ ಎರೆಯಬೇಕಾದವರು ಅಪ್ಪ ಮತ್ತು ಅವ್ವ. ಮನೆ ತುಂಬ ಗುಲ್ಬರ್ಗ, ರಾಯಚೂರು ಕಡೆಯ ನೆಂಟರು; ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಶುಭಾಶಯದ ತಾರುಗಳು ಬರತೊಡಗಿದ್ದವು. ಅವಕ್ಕೆ ಹೂವಿನ ಚಿತ್ರದ ಬಣ್ಣದ ಕಾಗದ. ಒಂದೊಂದು ಬಂದಾಗಲೂ ಅಪ್ಪನೋ ನಾನೋ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಬೇಕು, ಒಳಗಿನವರು ಕೇಳಬೇಕು, ಯಾರು ನೆನಪಿಟ್ಟರು, ಯಾರು ಇಡಲಿಲ್ಲ ಎಂದು ಲೆಕ್ಕ ಹಾಕಬೇಕು. ಆ ಮಧ್ಯಾಹ್ನ ತಾರಿನವನು ಸೈಕಲ್ಲು ನಿಲ್ಲಿಸಿದಾಗ ಬಾಗಿಲಲ್ಲಿದ್ದವಳು ನಾನು. ಸಹಿ ಮಾಡಲು ಪೆನ್ಸಿಲು ಕೊಟ್ಟ, ಆಮೇಲೆ ಕಾಗದ ಕೊಡದೆ ಒಂದು ಗಳಿಗೆ ನನ್ನ ಮುಖ ನೋಡಿದ.

"ಬಡೋಂ ಕೋ ದೇನಾ ಬೇಟೀ. ತುಮ್ ಮತ್ ಪಡೋ."

ದೊಡ್ಡವರಿಗೆ ಕೊಡು, ನೀನು ಓದಬೇಡ ಎಂದಮೇಲೆ ಓದದೆ ಇರುತ್ತೇನೆಯೇ. ಸಾದಾ ಕಾಗದ, ಹೂವಿರಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಶಬ್ದ, ಕೆಳಗೆ ಅವ್ವನ ತವರಿನ ರಾಘು ಮಾಮಾನ ಹೆಸರು. ಅಂಥ ತಾರಿನಲ್ಲಿ ಬರುವ ಆ ಒಂದು ಶಬ್ದವನ್ನು ನಮ್ಮ ಮನೆಯಲ್ಲಿ ಇಂಗ್ಲಿಷು ಬಾರದವರೂ ಅದರ ಆಕಾರದ ಮೇಲೆ ಗುರುತಿಸುತ್ತಿದ್ದರು. ಸೇಡಂನಲ್ಲಿದ್ದ ಅವ್ವನ ಅವ್ವ ತೀರಿಕೊಂಡಿದ್ದಳು. ಆರಾಮಿಲ್ಲವೆಂದು ಲಗ್ನಕ್ಕೆ ಬರಲಾಗುವುದಿಲ್ಲ ಅಂತ ಹಿಂದಿನ ವಾರವಷ್ಟೇ ಕಾಗದ ಬಂದಿತ್ತು. ನಾಂಪಲ್ಲಿಯಲ್ಲಿ ರೈಲು ಹತ್ತಿದರೆ ನಾಲ್ಕೈದು ತಾಸಿನ ದಾರಿ. ನಾನು ತಾರನ್ನು ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮಡಚಿ ಸೊಂಟದಲ್ಲಿ ಸಿಕ್ಕಿಸಿಕೊಂಡಳು. ನನ್ನನ್ನು ಬಚ್ಚಲಿನ ಕಡೆಗೆ ಕರೆದುಕೊಂಡು ಹೋಗಿ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಪದ್ದಿ, ನನ್ನ ಮ್ಯಾಲೆ ಆಣಿ. ನಿಮ್ಮವ್ವನ ಕಿವಿಗಿ ಇದು ಬೀಳಬಾರದು. ಬಿದ್ರ ಲಗ್ನ ನಿಲ್ಲತೈತಿ."

ನಮ್ಮ ಮನೆಯ ಪದ್ಧತಿ ಇಷ್ಟು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಕಿವಿಗೆ ಬೀಳದಿದ್ದರೆ ಸೂತಕವಿಲ್ಲ. ಕೊಟ್ಟ ಮನೆಗೆ ಹೋದ ಮಗಳಿಗೆ ತಾಯಿಯ ಸೂತಕ ಮೂರು ದಿನ. ಆ ಮೂರು ದಿನ ಅವಳು ಒಲೆ ಮುಟ್ಟುವಂತಿಲ್ಲ, ದೇವರ ದೀಪ ಹಚ್ಚುವಂತಿಲ್ಲ, ಮೂಲೆಯಲ್ಲಿ ಕೂತು ಅಳುವುದೊಂದೇ ಅವಳ ಕೆಲಸ. ಅವಳಿಗೆ ಬೇರೆಯವರು ಮಾಡಿ ಬಡಿಸಬೇಕು. ಹತ್ತು ದಿನ ಕಳೆದ ಮೇಲೆ ಸುದ್ದಿ ತಿಳಿದರೆ ಅದೂ ಇಲ್ಲ, ತಲೆಯ ಮೇಲೆ ನೀರು ಹಾಕಿಕೊಂಡರೆ ಮುಗಿಯಿತು. ಲಗ್ನದ ಮನೆಗಳಲ್ಲಿ ಹೀಗೆ ಸಾವನ್ನು ಮುಚ್ಚಿಡುವುದು ಹೊಸದಲ್ಲ, ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ. ಅಜ್ಜಿ ಸಂಜೆ ತಾರನ್ನು ಅಪ್ಪನಿಗೆ ಕೊಟ್ಟಳು. ಅಪ್ಪ ಅದನ್ನು ಏನು ಮಾಡಿದರು ಅಂದರೆ, ಫೈಲಿಗೆ ಹಾಕಿದರು. ಅವರು ನಾಂಪಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಕಾಗದಗಳ ನಡುವೆಯೇ ಇದ್ದವರು. ಕಾಗದ ಹರಿಯುವುದು ಅವರಿಂದ ಆಗುವ ಕೆಲಸವಲ್ಲ. ರೇಷನ್ ಕಾರ್ಡು, ಕರೆಂಟಿನ ಬಿಲ್ಲು, ನನಗೆ ದೇವಿಯ ಲಸಿಕೆ ಹಾಕಿಸಿದ ಚೀಟಿ ಎಲ್ಲವೂ ಇದ್ದ ಆ ಫೈಲಿನಲ್ಲಿ, ಶುಭಾಶಯದ ತಾರುಗಳ ಕೆಳಗೆ, ಅದೂ ಕೂತಿತು.

ಅವ್ವ ಆ ದಿನಗಳಲ್ಲಿ ಹಾಡುತ್ತಿದ್ದಳು. ಅರಿಶಿಣ ಹಚ್ಚುವಾಗ, ನೂಲಿನ ಸುರಿಗೆ ಸುತ್ತುವಾಗ, ಬೀಗರನ್ನು ಹಾಸ್ಯ ಮಾಡುವಾಗ, ಎಲ್ಲಕ್ಕೂ ಅವ್ವನ ಹತ್ತಿರ ಹಾಡಿತ್ತು. ಅವೆಲ್ಲ ಅವಳ ಅವ್ವ ಕಲಿಸಿದ ಹಾಡುಗಳು. ಧಾರೆಯ ಹೊತ್ತಿಗೆ ಅಪ್ಪನ ಪಕ್ಕದಲ್ಲಿ ಕೂತು ನೀರು ಬಿಟ್ಟಳು. ಅಪ್ಪ ಅವಳ ಮುಖ ನೋಡಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತು ಅವ್ವನ ಹಾಡು ಕೇಳುತ್ತ ಒಂದು ಸಂಗತಿ ಕಂಡುಕೊಂಡೆ. ಹೊಟ್ಟೆಯೊಳಗೆ ಒಂದು ಮಾತು ಇಟ್ಟುಕೊಂಡು ಹೊರಗೆ ಲಾಡು ತಿನ್ನಬಹುದು. ಮೊದಲನೆಯ ದಿನ ಕಷ್ಟ, ಎರಡನೆಯ ದಿನ ಅಷ್ಟಿಲ್ಲ. ಲಗ್ನವಾದ ಮೇಲೆ ಸತ್ಯನಾರಾಯಣ ಪೂಜೆ, ಬೀಗರ ಊಟ, ಮಗಳು ಅಳಿಯ ತಿರುಗಿ ಬಂದದ್ದು, ಎಲ್ಲ ಆಯಿತು. ಅಪ್ಪ ಎರಡು ಸಲ ಬಾಯಿ ತೆರೆದಾಗ ಅಜ್ಜಿ, ಇನ್ನೆರಡು ದಿನ ತಡಿ ಎಂದಳು. ಹನ್ನೆರಡನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾನೇ ಹೇಳಿದಳು.

"ಶಾಂತಾ, ನಿಮ್ಮವ್ವ ಹೋಗಿ ಹನ್ನೆರಡು ದಿನಾ ಆತು. ಹೇಳಾಕ ಬರತಿರಲಿಲ್ಲ. ಎದ್ದು ತಲಿ ಮ್ಯಾಲೆ ಎರಡು ತಂಬಿಗಿ ನೀರು ಹಾಕ್ಕೋ."

ಅವ್ವ ಕೈಯ ಹಿಟ್ಟು ಒರೆಸಿಕೊಂಡಳು.

"ನೀರು ಕಾಯಿಸಬೇಕೇನ್ರಿ ಅತ್ತೀರಿ, ತಣ್ಣೀರ ಸಾಕೇನ್ರಿ?"

"ತಣ್ಣೀರ ಸಾಕು."

ಸ್ನಾನ ಮಾಡಿ ಬಂದು ಉಳಿದ ರೊಟ್ಟಿ ಬಡಿದಳು. ಅವತ್ತಿನ ಪಲ್ಯಕ್ಕೆ ಉಪ್ಪೂ ಸರಿಯಾಗಿತ್ತು, ನನಗೆ ನೆನಪಿದೆ, ಯಾಕೆಂದರೆ ಎಲ್ಲರೂ ಅದನ್ನೇ ಕಾಯುತ್ತಿದ್ದೆವು, ಉಪ್ಪು ಹೆಚ್ಚು ಕಡಿಮೆಯಾಗಲಿ ಎಂದು. ಆಗಲಿಲ್ಲ. ಆಮೇಲಿನ ಎರಡು ವರ್ಷ ನಮ್ಮ ಮನೆಯಲ್ಲಿ ಯಾವುದೂ ಹೆಚ್ಚು ಕಡಿಮೆ ಆಗಲಿಲ್ಲ. ಅವ್ವ ನಾಲ್ಕೂವರೆಗೆ ಏಳುತ್ತಿದ್ದಳು, ಸಿಗಡಿ ಹಚ್ಚುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಹಾಡು ನಿಂತಿತ್ತು. ಜಗಳವೂ ನಿಂತಿತ್ತು, ಮೊದಲು ಅಜ್ಜಿಯೊಂದಿಗೆ ಎಣ್ಣೆಗಾಗಿ, ಸೌದೆಗಾಗಿ ದಿನಕ್ಕೊಂದು ಮಾತಾದರೂ ಆಗುತ್ತಿತ್ತು. ನಾನು ಪರೀಕ್ಷೆಯಲ್ಲಿ ಮೊದಲು ಬಂದೆ ಎಂದಾಗ "ಚಲೋ ಆತು" ಎಂದಳು, ಮರುವರ್ಷ ಗಣಿತದಲ್ಲಿ ನಪಾಸಾದಾಗಲೂ "ಆತು ಬಿಡು" ಎಂದಳು. ಎರಡಕ್ಕೂ ಒಂದೇ ಧ್ವನಿ. ನನಗೂ ಏನೂ ಅನಿಸುತ್ತಿರಲಿಲ್ಲ. ಅನಿಸದಿರುವುದು ಒಂದು ತೊಂದರೆ ಎಂದು ಕೂಡ ಅನಿಸುತ್ತಿರಲಿಲ್ಲ.

ಶ್ರೀಕಾಂತ ಕಾಕಾ ಬಂದದ್ದು ಆಗ. ಅಪ್ಪನ ಕಚೇರಿಯ ಗೆಳೆಯರೊಬ್ಬರ ತಂಗಿಯ ಮಗ, ರಾಯಚೂರಿನವನು, ಎಲ್ಲೋ ದೂರದಲ್ಲಿ ಸಿನಿಮಾ ಮಾಡುವುದನ್ನು ಕಲಿತು ಬಂದಿದ್ದ. ಗಡ್ಡ, ಜೋಳಿಗೆ, ಕಾಲಲ್ಲಿ ಚಪ್ಪಲಿ. ಹೈದರಾಬಾದಿನ ಒಂದು ಕನ್ನಡ ಕುಟುಂಬದ ಮೇಲೆ ಸಿನಿಮಾ ಮಾಡುತ್ತೇನೆ, ನಟರು ಬೇಡ, ಸೆಟ್ಟು ಬೇಡ, ನಿಜವಾದ ಮನೆ, ನಿಜವಾದ ಜನ ಬೇಕು ಎಂದ. ನಮ್ಮ ಅಡುಗೆಮನೆಯ ಬೆಳಕು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟ. ಆಮೇಲೆ ಅಪ್ಪನ ಕೈ ಹಿಡಿದುಕೊಂಡ.

"ರಾಯರ, ನೀವು ಏನೂ ಮಾಡೋದು ಬ್ಯಾಡ್ರಿ. ಇದ್ದಂಗ ಇರ್ರಿ, ಸಾಕು."

ಅಪ್ಪ ಸಂಕೋಚದ ಮನುಷ್ಯ, ಇಲ್ಲ ಎನ್ನಲು ಬರುತ್ತಿರಲಿಲ್ಲ. ಒಳಗಿನಿಂದ ಅಜ್ಜಿ ಕೇಳಿದಳು.

"ಇದ್ದಂಗ ಇರೋದನ್ನ ನೋಡಾಕ ಯಾರು ರೊಕ್ಕಾ ಕೊಟ್ಟು ಬರತಾರೋ ತಮ್ಮಾ?"

ಅವಳ ಮಾತು ಖರೆಯಾಯಿತು, ಆದರೆ ಅದು ಆಮೇಲಿನ ಮಾತು. ಇದ್ದ ಹಾಗೆ ಇರುವುದು ಎಷ್ಟು ಕಷ್ಟವೆಂದು ಮೊದಲ ದಿನವೇ ಗೊತ್ತಾಯಿತು. ಪಕ್ಕದ ಮನೆಯ ತೆಲುಗಿನ ಅನಸೂಯಮ್ಮ ದಿನಾ ಮೊಸರಿಗೆ ಹೆಪ್ಪು ಕೇಳಲು ಬರುವವಳು. ಹೆಪ್ಪು ಕೇಳುವ ದೃಶ್ಯಕ್ಕೆ ಕಾಂಜೀವರಂ ಸೀರೆ ಉಟ್ಟು, ಮುಖಕ್ಕೆ ಪೌಡರು ಬಳಿದುಕೊಂಡು, ತಲೆ ತುಂಬ ಕನಕಾಂಬರ ಮುಡಿದು ಬಂದಳು. ತೆಗೆಯಿರಿ ಎಂದರೆ, "ನೇನು ಇಲಾಗೇ ಉಂಟಾನು ಬಾಬು" ಎಂದು ಸಿಟ್ಟಾದಳು. ನಾನು ಯಾವಾಗಲೂ ಹೀಗೇ ಇರುತ್ತೇನೆ ಎಂಬ ಆ ಮಾತನ್ನು ಅವಳು ಪೂರ್ತಿ ನಂಬಿಯೇ ಹೇಳಿದ್ದಳು. ಅಪ್ಪ ಕ್ಯಾಮೆರಾ ಸದ್ದು ಮಾಡತೊಡಗಿದ ಕೂಡಲೆ, "ಎಲೈ ಮಗಳೇ, ನಿನ್ನ ವಿದ್ಯಾಭ್ಯಾಸವು ಹೇಗೆ ಸಾಗುತ್ತಿರುವುದು" ಎಂದು ಕಂಪನಿ ನಾಟಕದವರ ಹಾಗೆ ಶುರುಮಾಡುತ್ತಿದ್ದರು. ನಾನು ನಗಬಾರದಿದ್ದಲ್ಲಿ ನಗುತ್ತಿದ್ದೆ. ನುಮಾಯಿಷ್ ವಸ್ತುಪ್ರದರ್ಶನದ ಜನಜಂಗುಳಿಯಲ್ಲಿ ಕ್ಯಾಮೆರಾ ಬಚ್ಚಿಟ್ಟು ಚಿತ್ರ ತೆಗೆಯಲು ಹೋದರೆ ಬಳೆ ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ಕ್ಯಾಮೆರಾಕ್ಕೆ ಸಲಾಮು ಮಾಡುತ್ತ ನಿಂತ. ಶ್ರೀಕಾಂತ ಕಾಕಾ ತಲೆಯ ಮೇಲೆ ಕೈ ಹೊತ್ತು ಕೂತ.

ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ ಒಂದೇ ಥರ ಇದ್ದವಳು ಅವ್ವ ಒಬ್ಬಳೇ. ನೀರು ತಗೊಳ್ರಿ ಎಂದರೆ ತಗೊಂಡಳು, ಕಿಟಕಿಯ ಕಡೆ ನೋಡ್ರಿ ಎಂದರೆ ನೋಡಿದಳು. ಎರಡನೆಯ ಸಲ ಮಾಡಿ ಎಂದರೆ ಎರಡನೆಯ ಸಲವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಮಾಡಿದಳು. ಅವ್ವನನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುತ್ತಿದ್ದ ಕಾಕಾ ಅಪ್ಪನ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಎಷ್ಟು ಸಹಜ ಇದ್ದಾರ್ರಿ ವೈನಿ. ಇಂಥಾದ್ದು ಕಲಿಸಾಕ ಬರಂಗಿಲ್ಲ."

ಅಜ್ಜಿ ಹತ್ತಿ ಬತ್ತಿ ಹೊಸೆಯುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಸಹಜ ಎಂದುಕೊಂಡದ್ದು ಏನೆಂದು ಆ ಕೋಣೆಯಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಆ ಹೊತ್ತಿಗೆ ನಾಚಿಕೆಯಾಗಿರಬೇಕು. ನನಗೆ ಆಗಲಿಲ್ಲ, ಕಾಕಾ ಅವ್ವನನ್ನು ಹೊಗಳಿದನೆಂದು ಅನಸೂಯಮ್ಮನ ಮಗಳಿಗೆ ಹೇಳಿಕೊಂಡು ಬಂದೆ.

ಸಿನಿಮಾದ ಕಥೆಯ ನಡುವೆ ತವರಿನಿಂದ ಸಾವಿನ ತಾರು ಬರುತ್ತದೆ ಎಂದು ನಮಗೆ ಗೊತ್ತಾದದ್ದು ಆರನೆಯ ದಿನ. ಕಾಕಾ ಕಥೆಯನ್ನು ಮೊದಲೇ ಹೇಳುತ್ತಿರಲಿಲ್ಲ. ಹೇಳಿದರೆ ನಾಟಕ ಮಾಡುತ್ತೀರಿ ಎಂದು ಅವತ್ತವತ್ತಿನದನ್ನು ಅವತ್ತೇ ಹೇಳುತ್ತಿದ್ದ. ಆ ಬೆಳಿಗ್ಗೆ ಹೇಳಿದಾಗ ಅಜ್ಜಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು.

"ಬ್ಯಾಡೋ ತಮ್ಮಾ. ಮನ್ಯಾಗ ಇಲ್ಲದ ಸಾವನ್ನ ಆಡಿ ತೋರಸಬಾರದು. ಬ್ಯಾರೆ ಏನರ ತರಸು ತಾರಿನಾಗ. ವರ್ಗಾ ಆತು ಅಂತ ತರಸು."

"ಅಜ್ಜೀ, ಇದು ಬರೇ ಕಥಿ. ಇದರ ಮ್ಯಾಲನ ಪೂರಾ ಸಿನಿಮಾ ನಿಂತೈತಿ."

ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ಕಾರಣ ಹೇಳಿದ್ದರೆ ಕಾಕಾ ಆ ದೃಶ್ಯವನ್ನು ಬಿಟ್ಟೇ ಬಿಡುತ್ತಿದ್ದ, ಕೆಟ್ಟ ಮನುಷ್ಯನಲ್ಲ. ಆದರೆ ಕಾರಣ ಹೇಳುವುದೆಂದರೆ ಎರಡು ವರ್ಷದಿಂದ ಯಾರೂ ಬಾಯಿಗೆ ತಾರದ ಮಾತನ್ನು, ಹೊರಗಿನವನ ಮುಂದೆ, ಅವ್ವ ಕೇಳುತ್ತಿರುವಾಗಲೇ ತರಬೇಕು. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಅವ್ವನೇ ಹೇಳಿದಳು, "ಆತ್ರಿ, ಮಾಡೂಣು. ರೊಟ್ಟಿಗಿ ಹೊತ್ತಾಗ್ತೈತಿ."

ಮೊದಲು ಕ್ಯಾಮೆರಾ ಇಲ್ಲದೆ ಒಮ್ಮೆ ಮಾಡಿಸಿದರು. ನಾನು ಖಾಲಿ ಕಾಗದ ತಂದು ಅವ್ವನಿಗೆ ಕೊಟ್ಟೆ. ಅವ್ವ ನೋಡಿ, ಹಿಟ್ಟಿನ ಡಬ್ಬಿಯ ಮೇಲಿಟ್ಟು, ರೊಟ್ಟಿ ತಿರುವಿ ಹಾಕಿದಳು.

"ವೈನಿ, ಅಳಬೇಕ್ರಿ. ತಾಯಿ ಹೋಗ್ಯಾಳ ಅಂತ ಬಂದೈತಿ."

"ಇದರಾಗ ಏನೂ ಬರದ ಇಲ್ಲಲ್ಲಪಾ."

ಅವ್ವ ಕೊಂಕಿನಿಂದ ಹೇಳಿದ್ದಲ್ಲ. ಕಾಗದ ಖಾಲಿಯಿತ್ತು, ಖಾಲಿಯಿದೆ ಎಂದಳು. ಕಾಕಾನಿಗೆ ಅದೂ ಸರಿಯೆನಿಸಿತು. ನಿಜವಾದ ಜನರ ಹತ್ತಿರ ಸುಳ್ಳು ಕಾಗದ ಕೊಟ್ಟದ್ದು ತನ್ನ ತಪ್ಪೆಂದ. ಮನೆಯಲ್ಲಿ ಹಳೆಯ ತಾರು ಯಾವುದಾದರೂ ಇದ್ದರೆ ತಾ ಎಂದು ನನ್ನನ್ನು ಕಳಿಸಿದ. ನಡುಮನೆಯ ಕಪಾಟಿನಲ್ಲಿ ಅಪ್ಪನ ಫೈಲಿತ್ತು. ಮೇಲೆ ಹೂವಿನ ತಾರುಗಳು, ಹದಿನೈದೋ ಇಪ್ಪತ್ತೋ. ಅವುಗಳಲ್ಲಿ ಒಂದನ್ನು ತರಬಹುದಿತ್ತು. ನಾನು ಕೆಳಗಿನದನ್ನು ಎಳೆದೆ. ಯಾಕೆಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವ್ವ ಅಳಲಿ, ಸಿನಿಮಾ ಚಲೋ ಆಗಲಿ ಎಂದಿರಬಹುದು. ಆಣೆಯಿಂದ ತಪ್ಪಿಸಿಕೊಳ್ಳಲು ಒಂದು ಸಂದು ಕಂಡಿರಬಹುದು, ಬಾಯಿಬಿಟ್ಟು ಹೇಳಬಾರದೆಂದು ಆಣೆಯೇ ಹೊರತು ಕಾಗದ ಕೊಡಬಾರದೆಂದಲ್ಲವಲ್ಲ. ನನಗೆ ತಿಳಿದಿರುವುದು ಇಷ್ಟು: ಆ ಕಾಗದ ನನ್ನ ಕೈಯಿಂದ ಅವ್ವನ ಕೈಗೇ ಹೋಗಬೇಕಾದದ್ದು. ಎರಡು ವರ್ಷ ಅದು ದಾರಿಯಲ್ಲಿತ್ತು.

ಕ್ಯಾಮೆರಾ ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಿತ್ತು. ಅಜ್ಜಿ ಸಿನಿಮಾದ ಅತ್ತೆಯಾಗಿ ಗೋಡೆಗೆ ಒರಗಿ ಅವರೆಕಾಳು ಸುಲಿಯುತ್ತಿದ್ದಳು. ನಾನು ಹೋಗಿ ತಾರು ಕೊಟ್ಟೆ. ಅವ್ವ ಹಿಟ್ಟಿನ ಕೈಯಲ್ಲೇ ಬಿಚ್ಚಿದಳು. ಕೆಳಗಿನಿಂದ ಮೇಲಕ್ಕೆ ಓದಿದಳು, ಮೊದಲು ರಾಘು ಮಾಮಾನ ಹೆಸರು, ಆಮೇಲೆ ಉಳಿದದ್ದು. ಸಿಗಡಿಯ ಮೇಲೆ ರೊಟ್ಟಿ ಉಬ್ಬಿಕೊಳ್ಳುತ್ತಿತ್ತು. ಅದನ್ನು ತೆಗೆದು ಕೆಳಗಿಟ್ಟಳು. ತಂಬಿಗೆ ತೆಗೆದುಕೊಂಡು ಕೆಂಡದ ಮೇಲೆ ನೀರು ಸುರಿದಳು. ಬೂದಿ ಭುಸ್ಸೆಂದು ಬೆಳಕಿಂಡಿಯವರೆಗೂ ಎದ್ದಿತು. ಕ್ಯಾಮೆರಾದವನು ಕೆಮ್ಮಿದ, ಆದರೆ ನಿಲ್ಲಿಸಲಿಲ್ಲ. ಅವ್ವ ಎದ್ದು ಒಳಕಲ್ಲಿನ ಮೂಲೆಗೆ ಹೋಗಿ, ನಮಗೆ ಬೆನ್ನು ಮಾಡಿ, ನೆಲದ ಮೇಲೆ ಕೂತಳು. "ಅಳ್ರಿ ವೈನಿ, ಅಳ್ರಿ" ಎಂದು ಕಾಕಾ ಪಿಸುಗುಟ್ಟಿದ. ಅವ್ವ ಅಳಲಿಲ್ಲ. ಗೋಡೆಯ ಕಡೆ ನೋಡುತ್ತಲೇ ಮಾತಾಡಿದಳು.

"ಅತ್ತೀರಿ, ಇವತ್ತಿಂದ ಮೂರು ದಿನಾ ನಾ ಒಲಿ ಮುಟ್ಟಂಗಿಲ್ಲ."

ಅಜ್ಜಿಯ ಮಡಿಲಿನ ಕಾಳು ಚೆಲ್ಲಿತು. ನೆಲದ ಮೇಲೆ ಬಿದ್ದ ತಾರನ್ನು ಅವಳು ಆಗ ನೋಡಿದಳು, ಆಮೇಲೆ ನನ್ನನ್ನು. ನಾನು ಹೊಡೆತ ಬೀಳುತ್ತದೆಂದು ಕಾದೆ. ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದು ನಡುಮನೆಗೆ ಹೋದಳು, ಕಂಬಳಿಯೊಂದನ್ನು ತಂದು ಮೂಲೆಯಲ್ಲಿ ಹಾಸಿದಳು.

"ಆತವಾ. ಬರೇ ನೆಲದ ಮ್ಯಾಲೆ ಕೂಡಬ್ಯಾಡ, ಥಂಡಿ ಐತಿ."

ಕಾಕಾ ಕಟ್ ಎಂದ. ಅವ್ವ ಅಳದಿದ್ದುದರಿಂದ ಅವನಿಗೆ ಸ್ವಲ್ಪ ಬೇಸರವಾಗಿತ್ತು, ಆದರೆ ನೀರು ಸುರಿದದ್ದು ಅದ್ಭುತವಾಯಿತೆಂದ. ಇನ್ನು ಸಿಗಡಿ ಹಚ್ಚಿ, ಮುಂದಿನದು ಊಟದ ದೃಶ್ಯ ಎಂದ. ಅವ್ವ ಏಳಲಿಲ್ಲ. ಅವನು ಮೊದಲು ನಕ್ಕ, ಆಮೇಲೆ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತು, "ವೈನಿ, ಸಿನಿಮಾದಾಗಿನ ಸಾವ್ರಿ ಅದು, ಮುಗೀತು" ಎಂದ. ಅವ್ವ ಅವನ ಕಡೆ ತಿರುಗಲೂ ಇಲ್ಲ. ಕಚೇರಿಯ ಎಲ್ಲ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ನಮ್ಮಪ್ಪ ಆಗ ಬಾಗಿಲಿಗೆ ಬಂದರು. ಅವರ ಧ್ವನಿಯಲ್ಲಿ ನಾಟಕದ ಕನ್ನಡ ಒಂದು ಶಬ್ದವೂ ಇರಲಿಲ್ಲ.

"ಶ್ರೀಕಾಂತ, ಕ್ಯಾಮೆರಾ ಕಟ್ಟು. ಮೂರು ದಿನಾ ಬಿಟ್ಟು ಬಾ."

ಅವನು ಯಾಕೆಂದು ಕೇಳಿದ, ಯಾರೂ ಹೇಳಲಿಲ್ಲ. ಆ ಮೂರು ದಿನ ಅಜ್ಜಿ ಅಡುಗೆ ಮಾಡಿದಳು. ಕೂತರೆ ಏಳಲಾಗದ, ಎದ್ದರೆ ಕೂರಲಾಗದ ವಯಸ್ಸು ಅವಳದು. ರೊಟ್ಟಿ ಬಡಿಯುವ ಶಕ್ತಿ ಎಂದೋ ಹೋಗಿತ್ತು, ದಪ್ಪ ದಪ್ಪ ತಟ್ಟಿ ಅರ್ಧ ಸುಡುತ್ತಿದ್ದಳು. ತಾಟನ್ನು ದೂರದಿಂದ ಅವ್ವನ ಕಡೆ ಸರಿಸಿ, ಉಣ್ಣುವವರೆಗೂ ಅಲ್ಲೇ ನಿಂತಿರುತ್ತಿದ್ದಳು. ಅನಸೂಯಮ್ಮ ಮೊದಲನೆಯ ಮಧ್ಯಾಹ್ನ ಹೆಪ್ಪಿಗೆ ಬಂದವಳು ಒಳಗೆ ಇಣುಕಿ ನೋಡಿ, ಏನೂ ಕೇಳದೆ ತಿರುಗಿ ಹೋಗಿ, ತಪ್ಪಲೆ ತುಂಬ ಅನ್ನ, ಬೇಳೆಯ ಪಪ್ಪು ತಂದಿಟ್ಟಳು. ಅವತ್ತು ಅವಳು ಪೌಡರು ಹಾಕಿರಲಿಲ್ಲ, ಮನೆಯ ಹಳೆಯ ಸೀರೆಯಲ್ಲಿದ್ದಳು. ಅಪ್ಪ ರಜೆ ಹಾಕಿ ಪಡಸಾಲೆಯಲ್ಲಿ ಕೂತಿದ್ದರು. ನಾನು ಅವ್ವನಿಗೆ ಕಾಣುವ ಹಾಗೆ ಹೊಸ್ತಿಲ ಈಚೆ ಕೂತಿರುತ್ತಿದ್ದೆ. ಅವಳು ನನ್ನೊಂದಿಗೆ ಮಾತಾಡಲಿಲ್ಲ. ತಾರನ್ನು ನಾನೇ ತಿರುಗಿ ಫೈಲಿನಲ್ಲಿಟ್ಟೆ. ನಾಲ್ಕನೆಯ ದಿನ ಅವ್ವ ತಲೆಗೆ ನೀರು ಹಾಕಿಕೊಂಡಳು, ಈ ಸಲ ಅಜ್ಜಿ ತಾನಾಗಿಯೇ ಬಿಸಿನೀರು ಕಾಯಿಸಿಟ್ಟಿದ್ದಳು. ಹತ್ತು ಗಂಟೆಗೆ ಕಾಕಾ ಬಂದ, ಊಟದ ದೃಶ್ಯ ತೆಗೆದ, ವಾರದಲ್ಲಿ ಎಲ್ಲ ಮುಗಿಸಿ ಹೊರಟು ಹೋದ.

ಸಿನಿಮಾ ತೋರಿಸಿದ್ದು ವರ್ಷದ ನಂತರ, ನಾಂಪಲ್ಲಿಯ ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಅಜ್ಜಿ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಬರಲಿಲ್ಲ. ಐವತ್ತು ಜನವಿದ್ದರೋ ಏನೋ, ಹೆಚ್ಚಿನವರು ಕಾಕಾನಂಥ ಜೋಳಿಗೆಯವರು. ನಮ್ಮ ಕಿಟಕಿ ಬಂತು, ಸಿಗಡಿ ಬಂತು, ಅನಸೂಯಮ್ಮನ ಕಾಂಜೀವರಂ ಬಂತು. ಆದರೆ ಬಾಯಿ ತೆರೆದಾಗ ಬಂದ ಧ್ವನಿ ನಮ್ಮದಲ್ಲ. ಚಿತ್ರ ತೆಗೆಯುವಾಗ ಧ್ವನಿ ಹಿಡಿದಿರಲಿಲ್ಲ, ಆಮೇಲೆ ಬೆಂಗಳೂರಿನಲ್ಲಿ ಅಲ್ಲಿನ ನಟರಿಂದ ಮಾತು ಸೇರಿಸಿದ್ದರು. ನಮ್ಮ ಕಡೆಯ ಮಾತು ಎಲ್ಲರಿಗೂ ತಿಳಿಯುವುದಿಲ್ಲವಂತೆ. ಅಪ್ಪ ಯಾರದೋ ದಪ್ಪ ಗಂಟಲಲ್ಲಿ ಮಾತಾಡಿದರು. ಆಮೇಲೆ ತಾರಿನ ದೃಶ್ಯ. ಅವ್ವ ಓದಿದಳು, ನೀರು ಸುರಿದಳು, ಬೂದಿ ಎದ್ದಿತು, ಬೆನ್ನು ಮಾಡಿ ಕೂತಳು. ಬೆನ್ನಿಗೆ ಬಾಯಿಲ್ಲ, ಏನು ಬೇಕಾದರೂ ಹಾಕಬಹುದು. "ಅಮ್ಮಾ, ನನ್ನನ್ನು ಬಿಟ್ಟು ಹೋದೆಯಾ ಅಮ್ಮಾ" ಎಂದು ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು. ನಮ್ಮ ಹಿಂದಿನ ಸಾಲಿನವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ದೀಪ ಹತ್ತಿದ ಮೇಲೆ ಒಬ್ಬ ದೊಡ್ಡ ಮನುಷ್ಯರು ಎದ್ದು ನಿಂತು, ಬಣ್ಣ ಹಚ್ಚದ ಮುಖಗಳ ಈ ಪ್ರಾಮಾಣಿಕತೆ ವೃತ್ತಿ ನಟರಿಂದ ಸಾಧ್ಯವಿಲ್ಲ, ಅದರಲ್ಲೂ ಆ ತಾಯಿಯ ರೋದನ, ಎಂದು ಬಹಳ ಹೊತ್ತು ಮಾತಾಡಿದರು. ಕಾಕಾ ನಮ್ಮ ಹತ್ತಿರ ಬಂದ. ಅವನಿಗೆ ಅವ್ವನ ಕಣ್ಣಲ್ಲಿ ಕಣ್ಣಿಟ್ಟು ನೋಡಲಾಗಲಿಲ್ಲ.

"ಹೆಂಗಿತ್ರಿ ವೈನಿ?"

"ಚಲೋ ಅತ್ತಾಳಪಾ ಆಕಿ," ಎಂದಳು ಅವ್ವ.

ಅಪ್ಪ ಯಾರೊಂದಿಗೋ ಮಾತಾಡುತ್ತ ಹಿಂದೆ ಉಳಿದರು. ಅವ್ವ, ನಾನು ಸೈಕಲ್ ರಿಕ್ಷಾ ಹತ್ತಿದೆವು. ಸಂಜೆಯ ಬಿಸಿಲಿತ್ತು. ಹಿಮಾಯತ್‌ನಗರದ ತಿರುವು ಬಂತು. ಆಮೇಲೆ ಅವ್ವ, ಹಿಟ್ಟು ಮುಗಿದಿದೆ ಎನ್ನುವ ಧ್ವನಿಯಲ್ಲಿ ಹೇಳಿದಳು.

"ಆ ತಾರು ಬಂದಾಗ ನಾ ಮಾಳಗಿ ಮ್ಯಾಲೆ ಸಂಡಿಗಿ ಹಾಕಾಕತ್ತಿದ್ದೆ. ನೀ ಸಹಿ ಮಾಡಿದ್ದು ಕಾಣತು. ಬಣ್ಣದ್ದು ಬಂದ್ರ ಒದರಿ ಓದತಿದ್ರಿ. ಅದನ್ನ ಓದಲಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಾಡು, ಅರಿಶಿಣ, ಧಾರೆಯ ನೀರು, ಎಲ್ಲವೂ ಆ ಮಾಳಿಗೆಯಿಂದ ಇಳಿದು ಬಂದ ಮೇಲಿನವು.

"ಮತ್ತ ಯಾಕ ಕೇಳಲಿಲ್ಲವಾ?"

"ಕೇಳಿದ್ರ ಕಿವಿಗಿ ಬೀಳತಿತ್ತು. ಸುಮತಿ ಲಗ್ನ ನಿಲ್ಲತಿತ್ತು." ರಿಕ್ಷಾ ಹಳ್ಳಕ್ಕೆ ಇಳಿದು ಎದ್ದಿತು, ಅವ್ವ ನನ್ನ ರಟ್ಟೆ ಹಿಡಿದುಕೊಂಡಳು. "ಲಗ್ನ ಮುಗಿದ ಮ್ಯಾಲೆ ನಿಮ್ಮಪ್ಪ ಹೇಳೂದಿಲ್ಲ ಅಂತ ಗೊತ್ತಿತ್ತು. ನಿಮ್ಮಜ್ಜಿ ಲೆಕ್ಕಾನೂ ಗೊತ್ತಿತ್ತು. ನೀ ಹೇಳತಿ ಅಂತ ನೋಡಿದೆ. ಹತ್ತು ದಿನಾ ನೋಡಿದೆ. ನೀ ಶಾಣ್ಯಾಕಿ, ಲಾಡು ತಿನ್ಕೋತ ನಿಂತಿದ್ದಿ."

"ಅಜ್ಜಿ ಆಣಿ ಹಾಕ್ಸಿದ್ರು."

"ಹೂಂ. ಅದೂ ಗೊತ್ತು."

ಕೈ ಬಿಟ್ಟಳೋ ಎಂದು ನೋಡಿದೆ, ಬಿಟ್ಟಿರಲಿಲ್ಲ. ನನಗೆ ಅಳು ಬರಬೇಕಾಗಿತ್ತು. ಬರಲಿಲ್ಲ, ಆ ಹೊತ್ತಿಗೆ ನಾನೂ ಅವ್ವನ ಮಗಳಾಗಿ ತಯಾರಾಗಿದ್ದೆ. ರಿಕ್ಷಾ ಮನೆಯ ಮುಂದೆ ನಿಂತಿತು. ಅವ್ವ ಇಳಿದು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಡುಮನೆಯಿಂದ ಅಜ್ಜಿ ಕೇಳಿದಳು.

"ಹೆಂಗ ಮಾಡೀಯಂತ ಶಾಂತಾ, ಸಿನಿಮಾದಾಗ?"

ಅವ್ವ ಸಿಗಡಿಗೆ ಇದ್ದಿಲು ಹಾಕುತ್ತಿದ್ದಳು.

"ಲಗ್ನದಾಗ ಮಾಡಿದಷ್ಟು ಚಲೋ ಆಗಿಲ್ರಿ ಅತ್ತೀರಿ."

ಆ ಸಂಜೆ ಅಪ್ಪ ಬಂದ ಕೂಡಲೆ ನಾವು ನಾಲ್ವರೂ ಎಂದಿಗಿಂತ ಮುಂಚೆಯೇ ಊಟ ಮಾಡಿದೆವು. ಅವ್ವ ಮಾಡಿದ ಸಾರಿಗೆ ಉಪ್ಪು ಇರಲಿಲ್ಲ. ಯಾರೂ ಹೇಳಲಿಲ್ಲ, ಎಲ್ಲರೂ ಎರಡನೆಯ ಸಲ ಹಾಕಿಸಿಕೊಂಡೆವು.